ಡೇರೆ, ತೊಗಲು ಮತ್ತು ಮಳೆ: ಚಿತ್ರದುರ್ಗ ಸೀಮೆಯ ಸಂಚಾರಿ ಪ್ರದರ್ಶನಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನರಂಜನೆಯ ಚರಿತ್ರೆಯನ್ನು ಬರೆಯಹೊರಟವರು ಮೊದಲು ಮಳೆಯ ಲೆಕ್ಕವನ್ನು ಗಮನಿಸಬೇಕಾಗುತ್ತದೆ. ವರ್ಷಕ್ಕೆ ಸರಾಸರಿ ಸುಮಾರು 600 ಮಿ.ಮೀ. ಮಳೆ ಕಾಣುವ ಜಿಲ್ಲೆಯಿದು. ಹಿರಿಯೂರಿನ ಬಯಲಿಗೆ ಅದೂ ದುರ್ಲಭ. ಸುಗ್ಗಿ ಮುಗಿದು ಮುಂಗಾರು ಬರುವವರೆಗಿನ ಒಣ ತಿಂಗಳುಗಳು, ಮಾಘದಲ್ಲಿ ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆ, ಜನರ ಕೈಯಲ್ಲಿ ಓಡಾಡುವ ನಾಲ್ಕು ಕಾಸು: ಡೇರೆ ಊರುವವರಿಗೆ ಇಷ್ಟು ಸಾಕಾಗಿತ್ತು.

ವೃತ್ತಿ ನಾಟಕ ಕಂಪನಿಗಳಿಗೆ ದಾರಿ ಮಾಡಿಕೊಟ್ಟದ್ದು ರೈಲು. ಬೆಂಗಳೂರು–ಹರಿಹರ ಮಾರ್ಗದ ಚಿಕ್ಕಜಾಜೂರಿನಿಂದ ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಕವಲು ಹೊರಡುತ್ತದೆ. ಹೊಸದುರ್ಗದ ಪಾಡು ಬೇರೆ. ‘ಹೊಸದುರ್ಗ ರೋಡ್’ ಎಂಬ ಹೆಸರೇ ಹೇಳುವಂತೆ ನಿಲ್ದಾಣ ಊರಿನಿಂದ ದೂರ. ಪರದೆ, ಸೀನರಿ, ಪೆಟ್ಟಿಗೆಗಳನ್ನು ಹೊತ್ತು ಸಾಗುವ ಉದ್ಯಮಕ್ಕೆ ಇದು ಸಣ್ಣ ಸಂಗತಿಯಲ್ಲ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯು 1934ರ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ದಾವಣಗೆರೆಯು ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಕಂಪನಿಯ ತವರು. ಬಳಿಕ ಬಂದ ಟೂರಿಂಗ್ ಟಾಕೀಸು ನಾಟಕದ ಡೇರೆಯನ್ನೇ ಅನುಸರಿಸಿತು. ಒಂದೇ ಪ್ರೊಜೆಕ್ಟರ್, ರೀಲು ಬದಲಿಸುವಾಗಲೆಲ್ಲ ವಿರಾಮ, ನೆಲಕ್ಕೊಂದು ದರ, ಬೆಂಚಿಗೊಂದು ದರ. ಘಂಟಸಾಲರ ವೆಂಕಟೇಶ ಸ್ತುತಿ ಕೇಳಿಸಿತೆಂದರೆ ಆಟ ಶುರುವಾಗುತ್ತದೆಂದು ಊರಾಚೆಯವರೂ ಹೆಜ್ಜೆ ಚುರುಕುಗೊಳಿಸುತ್ತಿದ್ದರು. ಚಿತ್ರದುರ್ಗದ ತ.ರಾ.ಸು. ಅವರ ಕಥೆಯನ್ನು, ಚಿತ್ರದುರ್ಗದ ಕೋಟೆಯನ್ನು ತೆರೆಗೆ ತಂದ ‘ನಾಗರಹಾವು’ (1972) ಈ ಸೀಮೆಯವರಿಗೆ ತಮ್ಮದೇ ಬಂಡೆಗಳನ್ನು ತೋರಿಸಿತು.

ಇವೆಲ್ಲಕ್ಕೂ ಮೊದಲಿನವರು ತೊಗಲುಗೊಂಬೆಯ ಕಿಳ್ಳೇಕ್ಯಾತರು. ರಾಮಾಯಣ, ಮಹಾಭಾರತಗಳನ್ನು ದೀಪದ ಬೆಳಕಿನಲ್ಲಿ ಬೆಳಗಿನವರೆಗೆ ಆಡಿಸಿ, ನಡುನಡುವೆ ಬಂಗಾರಕ್ಕನ ಹಾಸ್ಯದಿಂದ ನಗಿಸಿ, ದವಸ ಪಡೆದು ಮುಂದಿನ ಊರಿಗೆ ನಡೆಯುತ್ತಿದ್ದರು. ಇಲ್ಲಿ ಒಂದು ವಿಚಿತ್ರವಿದೆ. ಮಳೆ ಹೋದ ವರ್ಷ ಟಿಕೇಟು ಮಾರುವ ಡೇರೆ ನಷ್ಟಕ್ಕೆ ಬೀಳುತ್ತಿತ್ತು. ಗೊಂಬೆಯವರಿಗೆ ಆಗಲೇ ಕರೆ ಬರುತ್ತಿತ್ತು, ಏಕೆಂದರೆ ಗೊಂಬೆ ಆಡಿಸಿದರೆ ಮಳೆ ಬರುತ್ತದೆಂಬುದು ಜನರ ನಂಬಿಕೆ. ಕಂಪನಿಗೆ ಶತ್ರುವಾದ ಬರಗಾಲವೇ ಇವರಿಗೆ ಅನ್ನ. ಆದರೂ ಮಳೆಗಾಗಿ ಕರೆಸಿಕೊಂಡ ಊರು ಇವರನ್ನು ಊರೊಳಗೆ ಇರಿಸಿಕೊಳ್ಳಲಿಲ್ಲ. ಬಿಡಾರ ಊರ ಹೊರಗೇ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ 1952ರಲ್ಲಿ ರದ್ದಾಗುವವರೆಗೂ, ಆ ಪಟ್ಟಿಯಲ್ಲಿ ಇದ್ದವರಷ್ಟೇ ಅಲ್ಲದೆ ಅಲೆಮಾರಿಗಳೆಲ್ಲರೂ ಅನುಮಾನದ ಕಣ್ಣಿಗೆ ಗುರಿಯಾದರು. ಡೇರೆಯ ಮಾಲೀಕನೂ ಊರೂರು ಅಲೆದವನೇ. ಆದರೆ ಅವನ ಕೈಯಲ್ಲಿ ಪರವಾನಗಿಯಿತ್ತು.

ವ್ಯತ್ಯಾಸ ಅಲ್ಲಿಗೇ ನಿಲ್ಲಲಿಲ್ಲ. ನಾಟಕ ಕಂಪನಿಗಳ ಕರಪತ್ರಗಳು, ನಟರ ಆತ್ಮಕಥೆಗಳು ಉಳಿದವು. ವೃತ್ತಿರಂಗಭೂಮಿಯ ಚರಿತ್ರೆ ಬಹುಪಾಲು ಅವುಗಳಿಂದಲೇ ರಚಿತವಾಗಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ದ ತಿರುಗಾಟಗಳಿಗೂ ದಾಖಲೆಗಳಿವೆ. ತೊಗಲುಗೊಂಬೆಯವರ ಬಳಿ ಇದ್ದ ದಾಖಲೆಯೆಂದರೆ ಗೊಂಬೆಗಳೇ. ಅವು ಹರಿದು ಹಳತಾದಾಗ ಪೂಜಿಸಿ ಹೊಳೆಗೆ ಬಿಡುವುದು ಅವರ ಸಂಪ್ರದಾಯ.