ಶ್ವಾಸಕೋಶ ಸೋರಿಕೆ ಪರೀಕ್ಷೆಯನ್ನು ಕೈಬಿಡಬಹುದೆ? ರೇಡಿಯೋಎಂಬೊಲೈಸೇಶನ್ ಮತ್ತು ಪಶ್ಚಿಮ ತಾಲ್ಲೂಕುಗಳ ರೋಗಿ

ಯಿಟ್ರಿಯಂ-90 ಸೂಕ್ಷ್ಮಗೋಳಗಳನ್ನು ಯಕೃತ್ತಿನ ಗೆಡ್ಡೆಗೆ ಹರಿಸುವ ಮುನ್ನ ಏನೇನು ನೋಡಬೇಕೆಂಬುದರಲ್ಲಿ ಬಹುಪಾಲು ಒಮ್ಮತವಿದೆ. ಬಿಲಿರುಬಿನ್ ಡೆಸಿಲೀಟರಿಗೆ 2 ಮಿ.ಗ್ರಾಂ. ದಾಟಿದ್ದರೆ ಸಾಮಾನ್ಯವಾಗಿ ಹಿಂದೆಗೆಯುತ್ತಾರೆ. ಆಂಜಿಯೋಗ್ರಾಮಿನಲ್ಲಿ ಜಠರ, ಕರುಳುಗಳತ್ತ ಹೋಗುವ ಕವಲುಗಳನ್ನು ಗುರುತಿಸಿ, ಅಗತ್ಯವಿದ್ದರೆ ಕಾಯಿಲ್ ಇಟ್ಟು ಮುಚ್ಚುತ್ತಾರೆ. ವಿವಾದವಿರುವುದು ಟೆಕ್ನೀಶಿಯಂ ಬೆರೆಸಿದ ಆಲ್ಬುಮಿನ್ ಕಣ ಹಾಯಿಸಿ, ಗೆಡ್ಡೆಯಿಂದ ಶ್ವಾಸಕೋಶಕ್ಕೆ ಎಷ್ಟು ಸೋರುತ್ತದೆಂದು ಅಳೆಯುವ ಪರೀಕ್ಷೆಯ ಬಗ್ಗೆ.

ಚಿಕ್ಕ, ಆರಂಭಿಕ ಹಂತದ ಯಕೃತ್ ಕ್ಯಾನ್ಸರಿನಲ್ಲಿ ಇದನ್ನು ಕೈಬಿಡಬಹುದೆಂದು ಚಿಕಾಗೋದ ಗಾಬರ್ ಮತ್ತು ಸಂಗಡಿಗರು 2020ರಲ್ಲಿ ವಾದಿಸಿದರು. ಅವರ ರೋಗಿಗಳ ಮಟ್ಟಿಗೆ ವಾದ ಗಟ್ಟಿಯಾದುದೇ. ಗಾಜಿನ ಗೋಳಗಳಿಗೆ ಬಳಸುವ ಸೂತ್ರದಲ್ಲಿ 1.2 ಗಿಗಾಬೆಕೆರೆಲ್ ಡೋಸ್, ಶೇ. 4 ಸೋರಿಕೆ, ಒಂದು ಕಿಲೋ ಶ್ವಾಸಕೋಶ ಎಂದಿಟ್ಟರೆ ಬರುವುದು 2.4 ಗ್ರೇ ಮಾತ್ರ. ಒಂದು ಬಾರಿಯ ಮಿತಿ 30 ಗ್ರೇ. ಅದೇ ದೊಡ್ಡ ಗೆಡ್ಡೆಗೆ 4 ಗಿಗಾಬೆಕೆರೆಲ್ ಬೇಕಾಗಿ, ಸೋರಿಕೆ ಶೇ. 18 ಆದರೆ 36 ಗ್ರೇ ಆಗುತ್ತದೆ, ಮಿತಿ ದಾಟಿಹೋಯಿತು.

ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬೆಂಗಳೂರಿಗೆ 250 ಕಿ.ಮೀ.ಗೂ ಹೆಚ್ಚು ಪ್ರಯಾಣ. ಪರೀಕ್ಷೆ ಬಿಟ್ಟರೆ ಒಂದು ಓಡಾಟ ಉಳಿಯುತ್ತದೆಂಬ ಆಸೆ ಸಹಜ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆರಂಭಿಕ ಗೆಡ್ಡೆ ಸಿಗುವುದು ಸಿರೋಸಿಸ್ ಅಥವಾ ಹೆಪಟೈಟಿಸ್-ಬಿ ಇರುವವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ನಡೆಯುವ ಕಡೆ. ಹೊಟ್ಟೆ ಊದಿದಾಗಲೋ, ಕಾಮಾಲೆಗೆ ನಾಟಿ ಔಷಧ ಕುಡಿದು ವಾಸಿಯಾಗದಿದ್ದಾಗಲೋ ಹೊರಟವರಿಗೆ ಚಿಕಾಗೋದ ಆ ಫಲಿತಾಂಶ ಹೊಂದುತ್ತದೆನ್ನಲಾಗದು. ಹೆಪಟೈಟಿಸ್-ಬಿ ತಪಾಸಣೆಯಲ್ಲಿದ್ದು ಬೇಗ ಪತ್ತೆಯಾದವರು ಈ ಮಾತಿಗೆ ಹೊರತು.

ನನ್ನ ಸೂಚನೆ ಬೇರೆ: ಪರೀಕ್ಷೆ ಉಳಿಯಲಿ, ನಡುವಿನ ಅಂತರ ಹೋಗಲಿ. ವಾಡಿಕೆಯಂತೆ ಮ್ಯಾಪಿಂಗ್ (ಆಂಜಿಯೋಗ್ರಾಮ್ ಮತ್ತು ಸೋರಿಕೆ ಪರೀಕ್ಷೆ) ಆಗಿ ಒಂದೆರಡು ವಾರಕ್ಕೆ ಚಿಕಿತ್ಸೆ. ಸುಗ್ಗಿ, ದುಡ್ಡಿನ ಅಡಚಣೆ, ಜೊತೆಗೆ ಬರುವವರಿಲ್ಲದಿರುವುದು ಸೇರಿ ಅದು ತಿಂಗಳಿಗೆ ಹೋದರೆ, ಮುಚ್ಚಿದ ನಾಳದ ಪಕ್ಕ ಹೊಸ ಕವಲು ತೆರೆದುಕೊಳ್ಳಬಹುದು, ಬಿಲಿರುಬಿನ್ನೂ ಏರಬಹುದು. ಆಗ ಹಳೆಯ ನಕ್ಷೆಯನ್ನು ನಂಬಿ ಗೋಳ ಹರಿಸುವುದು, ನನ್ನ ದೃಷ್ಟಿಯಲ್ಲಿ, ಪರೀಕ್ಷೆ ಮಾಡದಿರುವಷ್ಟೇ ಅಪಾಯ. ಸ್ಪೆಕ್ಟ್-ಸಿಟಿ ಇರುವ ಆಸ್ಪತ್ರೆಯಲ್ಲಿ, ಆಯ್ದ ರೋಗಿಗಳಿಗೆ, ಒಂದೇ ದಾಖಲಾತಿಯಲ್ಲಿ ಎರಡನ್ನೂ ಮುಗಿಸಬಹುದು. ಹೊರಡುವ ವಾರದಲ್ಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಲಿರುಬಿನ್, ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವಿಕೆ ನೋಡಿ, ನಾಟಿ ಔಷಧದ ವಿಷಯ ಕೇಳಿ ಬರೆದು ಕಳಿಸಿದರೆ ಎಷ್ಟೋ ವ್ಯರ್ಥ ಪ್ರಯಾಣ ತಪ್ಪುತ್ತದೆ.

ಒಂದು ತೊಡಕು ಉಳಿಯುತ್ತದೆ. ಯಿಟ್ರಿಯಂ-90ರ ಅರ್ಧಾಯು 64 ಗಂಟೆ. ಡೋಸನ್ನು ಮೊದಲೇ ಅಂದಾಜಿಸಿ ತರಿಸಬೇಕು. ಸೋರಿಕೆ ಹೆಚ್ಚೆಂದು ಆಮೇಲೆ ತಿಳಿದರೆ ಆ ಡೋಸಿನ ಬೆಲೆಯನ್ನು ಯಾರು ಭರಿಸಬೇಕು, ಸಿಟಿ ಚಿತ್ರದಿಂದಲೇ ಅಂಥ ರೋಗಿಗಳನ್ನು ಮುಂಚೆ ಎಷ್ಟರಮಟ್ಟಿಗೆ ಬೇರ್ಪಡಿಸಬಹುದು ಎಂಬೆರಡೂ ಇನ್ನೂ ಇತ್ಯರ್ಥವಾಗಬೇಕಿವೆ.