ಬ್ರೌಸರಿನಲ್ಲಿ ತೆರೆಯದ ಚಿತ್ರಗಳು: ದೋಷ ಹುಡುಕಾಟದ ಇತಿಹಾಸ

ವೆಬ್ ಪುಟದ ಬರಹವೆಲ್ಲ ಕಾಣಿಸಿಕೊಂಡು ಚಿತ್ರದ ಜಾಗ ಮಾತ್ರ ಖಾಲಿ ಉಳಿಯುವುದು ಬ್ರೌಸರು ಬಳಕೆಯಷ್ಟೇ ಹಳೆಯ ತೊಂದರೆ. ದೋಷ ಪುಟದಲ್ಲಿರಬಹುದು, ಸರ್ವರಿನಲ್ಲಿರಬಹುದು, ನಡುವಿನ ಜಾಲದಲ್ಲಿರಬಹುದು, ಓದುವವರ ಯಂತ್ರದಲ್ಲೂ ಇರಬಹುದು. ಕನ್ನಡದ ಮಟ್ಟಿಗೆ ಇದರ ಚರಿತ್ರೆ ಹೇಳುವಾಗ ಎರಡು ಬೇರೆ ತೊಂದರೆಗಳು ಬೆರೆತುಹೋಗುತ್ತವೆ: ಫಾಂಟ್ ಇಲ್ಲದೆ ಅಕ್ಷರ ಕೆಡುವುದು ಒಂದು, ಚಿತ್ರವೇ ಬಾರದಿರುವುದು ಇನ್ನೊಂದು. ಬೆರೆಯಲು ಕಾರಣವಿದೆ. ಬಹುಕಾಲ ಕನ್ನಡದ ಅಕ್ಷರವೇ ಚಿತ್ರವಾಗಿ ವೆಬ್ಬಿಗೆ ಬಂದಿತು. ಚಿತ್ರ ತೆರೆಯದಿದ್ದರೆ ಇಂಗ್ಲಿಷ್ ಓದುಗರಿಗೆ ಅಲಂಕಾರವೊಂದು ತಪ್ಪುತ್ತಿತ್ತು, ಕನ್ನಡ ಓದುಗರಿಗೆ ಓದೇ ತಪ್ಪುತ್ತಿತ್ತು.

ಆರಂಭ

1993ರ ಫೆಬ್ರವರಿ 25ರಂದು ಮಾರ್ಕ್ ಆಂಡ್ರೀಸನ್ ಪುಟದೊಳಗೇ ಚಿತ್ರ ತೋರಿಸುವ ಟ್ಯಾಗನ್ನು ಸೂಚಿಸಿದರು. ಅದೇ ವರ್ಷ ಮೊಸಾಯಿಕ್ ಬ್ರೌಸರಿನಲ್ಲಿ ಅದು ಬಳಕೆಗೆ ಬಂತು. ಚಿತ್ರದ ಬದಲಿಗೆ ಓದಬಹುದಾದ ಪರ್ಯಾಯ ಪಠ್ಯಕ್ಕೆ 1995ರ ಎಚ್‌ಟಿಎಂಎಲ್ 2.0 ಅವಕಾಶ ಕೊಟ್ಟಿತ್ತು. 1997ರ 4.0 ಅದನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಅಗ್ಗದ ಶೆಲ್ ಖಾತೆಯಲ್ಲಿ ಬರುತ್ತಿದ್ದುದು ಬರಹ ಮಾತ್ರ. ಡಯಲ್‌ಅಪ್ ಕಾಲದಲ್ಲಿ ಬ್ರೌಸರಿನ ಮೆನುವಿನಲ್ಲಿ ಚಿತ್ರಗಳನ್ನು ನಿಲ್ಲಿಸಿಟ್ಟು, ಬೇಕಾದದ್ದನ್ನಷ್ಟೇ ತರಿಸಿಕೊಳ್ಳುವ ರೂಢಿಯಿತ್ತು. ಹಾಗಾಗಿ ಆಗಿನ ದೋಷ ಹುಡುಕಾಟದ ಮೊದಲ ಹೆಜ್ಜೆ ಆ ಆಯ್ಕೆಯನ್ನು ನೋಡುವುದೇ ಆಗಿತ್ತು.

ಅಕ್ಷರವೇ ಚಿತ್ರವಾಗಿದ್ದ ಕಾಲ

ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಆದರೆ ಮನೆ, ಕಚೇರಿಗಳ ಗಣಕಗಳಿಗೆ ಅದು ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ, ಅದೂ ಸಂಕೀರ್ಣ ಲಿಪಿಗಳ ಆಯ್ಕೆಗೆ ಗುರುತು ಹಾಕಿದ ಮೇಲೆ. ಈ ನಡುವೆ ಯು.ಬಿ. ಪವನಜರ ‘ವಿಶ್ವಕನ್ನಡ’ ಜಾಲತಾಣ 1996ರಲ್ಲಿ ಬಂತು. 1997ರಲ್ಲಿ ಪುಟದೊಂದಿಗೇ ಫಾಂಟ್ ಇಳಿಸುವ ತಂತ್ರ ಬಂದರೂ ಇಂಟರ್‌ನೆಟ್ ಎಕ್ಸ್‌ಪ್ಲೋರರಿನದು ಒಂದು ಬಗೆ, ನೆಟ್‌ಸ್ಕೇಪಿನದು ಇನ್ನೊಂದು ಬಗೆ. ಎರಡೂ ಬೇಡವೆಂದವರಿಗೆ ಶೀರ್ಷಿಕೆಯನ್ನೋ ಇಡೀ ಪುಟವನ್ನೋ ಜಿಫ್ ಚಿತ್ರವಾಗಿ ಹಾಕುವುದೇ ದಾರಿಯಾಗಿತ್ತು.

ಮೊಬೈಲಿನಲ್ಲಿ ಇದು ಮತ್ತೊಮ್ಮೆ ನಡೆಯಿತು. ಕನ್ನಡ ಫಾಂಟ್ ಇಲ್ಲದ ಕೀಪ್ಯಾಡ್ ಫೋನುಗಳಲ್ಲಿ ಒಪೆರಾ ಮಿನಿಯ ಒಳಗಿನ ಕಾನ್‌ಫಿಗ್ ಪುಟ ತೆರೆದು, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸುವ ಸಾಲಿಗೆ ‘ಎಸ್’ ಕೊಟ್ಟರೆ, ಸರ್ವರೇ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಹೆಚ್ಚು ಡೇಟಾ ಖರ್ಚಾದರೂ ಡಬ್ಬಿಗಳ ಸಾಲು ಹೋಗಿ ಕನ್ನಡ ಕಾಣುತ್ತಿತ್ತು. ಸಾಮಾನ್ಯ ಚರಿತ್ರೆಗಳು ಈ ಆಯ್ಕೆಯನ್ನು ಅಡಿಟಿಪ್ಪಣಿಗೂ ತರುವುದಿಲ್ಲ. ಕನ್ನಡದ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಜಾಗ ಸಲ್ಲಬೇಕು.

ಟಿಫ್ ಪುಟಗಳು

ಹೆಚ್ಚು ಗೊಂದಲವಿರುವುದು ಸ್ಕ್ಯಾನ್ ಮಾಡಿದ ಪುಸ್ತಕಗಳ ವಿಷಯದಲ್ಲಿ. 2000ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊತೆಗೂಡಿ ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಕನ್ನಡ ಪುಸ್ತಕಗಳಿದ್ದವು. ಪುಸ್ತಕದ ಒಂದೊಂದು ಪುಟವೂ ಒಂದೊಂದು ಟಿಫ್ ಕಡತ. ಕಪ್ಪು ಬಿಳುಪಿನ ಅಕ್ಷರಗಳನ್ನು ಚಿಕ್ಕದಾಗಿ, ಸ್ಪಷ್ಟವಾಗಿ ಕಾಪಿಡಲು ಟಿಫ್ ಒಳ್ಳೆಯ ಆಯ್ಕೆಯೇ. ಆದರೆ ಸಫಾರಿ ಬಿಟ್ಟರೆ ಕ್ರೋಮ್, ಫೈರ್‌ಫಾಕ್ಸ್ ಮುಂತಾದವು ಅದನ್ನು ತಾವಾಗಿ ತೆರೆಯುವುದಿಲ್ಲ, ಪ್ಲಗಿನ್ ಬೇಕಿತ್ತು. 2015ರ ಸೆಪ್ಟೆಂಬರಿನಲ್ಲಿ ಕ್ರೋಮ್, 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ ಹಳೆಯ ಬಗೆಯ ಪ್ಲಗಿನ್‌ಗಳನ್ನು ಕೈಬಿಟ್ಟಾಗ, ಹಿಂದಿನ ದಿನದವರೆಗೆ ತೆರೆಯುತ್ತಿದ್ದ ಪುಟಗಳು ಮಾರನೆಯ ದಿನ ತೆರೆಯದಾದವು. ಇದನ್ನು ಸರ್ವರಿನ ದೋಷವೆಂದು ಬಗೆದವರು ಬಹಳ. ನಿಜವಾಗಿ ಕಡತ ಸರಿಯಾಗಿಯೇ ಬರುತ್ತಿತ್ತು, ಬಂದದ್ದನ್ನು ಬಿಡಿಸಿ ತೋರಿಸುವವರಿರಲಿಲ್ಲ.

ಇಂಥ ಎರಡು ಸ್ಥಿತಿಗಳನ್ನು ಬೇರ್ಪಡಿಸಲು 2006ರ ಫೈರ್‌ಬಗ್ ಮತ್ತು ಅದರ ನಂತರ ಎಲ್ಲ ಬ್ರೌಸರುಗಳಲ್ಲಿ ಸೇರಿಕೊಂಡ ಡೆವಲಪರ್ ಸಾಧನಗಳು ನೆರವಾದವು. ನೆಟ್‌ವರ್ಕ್ ಪಟ್ಟಿಯಲ್ಲಿ ಚಿತ್ರದ ಮುಂದೆ 404 ಇದ್ದರೆ ಆ ವಿಳಾಸದಲ್ಲಿ ಕಡತವಿಲ್ಲ. 403 ಇದ್ದರೆ ಸರ್ವರು ಕೊಡಲು ಒಪ್ಪುತ್ತಿಲ್ಲ. 200 ಇದ್ದೂ ಚಿತ್ರ ಕಾಣದಿದ್ದರೆ ಮೊದಲು ಕಡತದ ಬಗೆಯನ್ನು ಶಂಕಿಸಬೇಕು. ಟಿಫ್‌ಗೆ ಆದದ್ದೇ ಈಗ ಐಫೋನಿನ ಹೈಕ್ ಚಿತ್ರಗಳಿಗೂ ಆಗುತ್ತದೆ: 2017ರ ನಂತರದ ಫೋನಿನಲ್ಲಿ ತೆಗೆದ ಮೊಳಕಾಲ್ಮೂರು ಸೀರೆಯ ಫೋಟೊವನ್ನು ಹಾಗೆಯೇ ಪುಟಕ್ಕೆ ಏರಿಸಿದರೆ ಕ್ರೋಮಿನಲ್ಲಿ ಕಾಣದು.

ಡಿಜಿಟಲ್ ಲೈಬ್ರರಿಯ ತಾಣ ನಿಂತ ಮೇಲೆ ಅದರ ಪುಸ್ತಕಗಳು ಇಂಟರ್‌ನೆಟ್ ಆರ್ಕೈವಿನಲ್ಲಿ ಉಳಿದವು. ಅಲ್ಲಿ ಪುಟಗಳನ್ನು ಸರ್ವರೇ ಜೆಪೆಗ್ ಮಾಡಿ ಕೊಡುವುದರಿಂದ ಪ್ಲಗಿನ್ನಿನ ಗೋಜಿಲ್ಲ. ಬಿ.ಎಲ್. ರೈಸ್ 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಕಂಡ ಅಶೋಕನ ಶಾಸನಗಳ ಬಗ್ಗೆ ಓದಬೇಕೆಂದು ಚಿತ್ರದುರ್ಗ ಜಿಲ್ಲೆಯ ಶಾಸನ ಸಂಪುಟ ಹುಡುಕುವವರು ಸಾಮಾನ್ಯವಾಗಿ ಇಲ್ಲಿಗೇ ಬರುತ್ತಾರೆ. 2017ರ ಆಗಸ್ಟಿನಲ್ಲಿ, ಚಲನಚಿತ್ರಗಳ ಅನಧಿಕೃತ ಪ್ರತಿಗಳ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದ ಪಟ್ಟಿಗೆ ಈ ಆರ್ಕೈವೂ ಸೇರಿ ಭಾರತದಲ್ಲಿ ಕೆಲಕಾಲ ತಡೆಗೊಳಗಾಯಿತು. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಿಂದ ದಿನಗಟ್ಟಲೆ ನಿಂತಿತು. ಅಲ್ಲಿಂದ ನೇರವಾಗಿ ಚಿತ್ರ ಎಳೆದುಕೊಳ್ಳುವ ಬೇರೆ ತಾಣಗಳ ಪುಟ ತೆರೆದರೂ ಚಿತ್ರ ಬಾರದಿರಲು ಇಂಥ ಘಟನೆಗಳು ಸಾಕು. ಅದೇ ಕೊಂಡಿಯನ್ನು ಬೇರೊಂದು ಕಂಪನಿಯ ಸಂಪರ್ಕದಲ್ಲಿ ತೆರೆದು ನೋಡುವುದು ಜಾಲದ ತಡೆಯನ್ನು ಗುರುತಿಸುವ ಸುಲಭ ಪರೀಕ್ಷೆ.

ಈಚಿನ ಬದಲಾವಣೆಗಳಲ್ಲಿ ಮುಖ್ಯವಾದವು ಎರಡು. 2020ರಿಂದ ಕ್ರೋಮ್, ಸುರಕ್ಷಿತ ಪುಟದೊಳಗಿನ ಎಚ್‌ಟಿಟಿಪಿ ಚಿತ್ರವನ್ನು ಎಚ್‌ಟಿಟಿಪಿಎಸ್ ವಿಳಾಸದಲ್ಲೇ ಕೇಳುತ್ತದೆ. ಅಲ್ಲಿ ಸಿಗದಿದ್ದರೆ ಹಳೆಯ ತಾಣದ ಚಿತ್ರ ಕಾಣಿಸದು. ಗೂಗಲ್ 2010ರಲ್ಲಿ ಪ್ರಕಟಿಸಿದ ವೆಬ್‌ಪಿ ಎಂಬ ಚಿತ್ರದ ಬಗೆಗೆ ಫೈರ್‌ಫಾಕ್ಸ್ 2019ರಲ್ಲಿ, ಸಫಾರಿ 2020ರಲ್ಲಿ ಒಪ್ಪಿಗೆ ಕೊಟ್ಟವು.

ಕಡತದ ಹೆಸರು

404 ದೋಷಕ್ಕೆ ಒಂದು ಸಾಮಾನ್ಯ ಕಾರಣ ಹೆಸರಿನ ವ್ಯತ್ಯಾಸ. ಕ್ಯಾಮೆರಾ ಕಡತದ ಕೊನೆಗೆ ದೊಡ್ಡ ಅಕ್ಷರದ ‘ಜೆಪಿಜಿ’ ಬರೆದಿರುತ್ತದೆ, ಪುಟದಲ್ಲಿ ಸಣ್ಣ ಅಕ್ಷರವಿರುತ್ತದೆ. ವಿಂಡೋಸ್ ಎರಡನ್ನೂ ಒಂದೆಂದು ತಿಳಿದರೆ ಲಿನಕ್ಸ್ ಸರ್ವರು ಬೇರೆ ಬೇರೆ ಎಂದು ತಿಳಿಯುತ್ತದೆ.

ಕನ್ನಡದಲ್ಲಿ ಹೆಸರಿಟ್ಟಾಗ ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಬರುತ್ತದೆ. ಯೂನಿಕೋಡಿನಲ್ಲಿ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಉದಾಹರಣೆಗೆ, ‘ಚಳ್ಳಕೆರೆ’ ಎಂಬ ಊರಿನ ಹೆಸರಿನಲ್ಲಿ ಹೀಗೆ ಒಡೆಯುವ ಚಿಹ್ನೆ ಒಂದೂ ಇಲ್ಲ. ಅದರ 8 ಸಂಕೇತಗಳು ವಿಳಾಸದಲ್ಲಿ ಶೇಕಡಾ ಚಿಹ್ನೆಗಳ ರೂಪ ತಾಳಿ, ಎಲ್ಲಿ ಬರೆದರೂ 72 ಅಕ್ಷರಗಳಾಗುತ್ತವೆ. ‘ಮೊಳಕಾಲ್ಮೂರು’ ಹಾಗಲ್ಲ. ಕೀಲಿಮಣೆಯಲ್ಲಿ ಟೈಪಿಸಿದಾಗ ಅದು 11 ಸಂಕೇತ, ವಿಳಾಸದಲ್ಲಿ 99 ಅಕ್ಷರ. ಮ್ಯಾಕ್ ಗಣಕಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ 1998ರ ಕಡತ ವ್ಯವಸ್ಥೆ ಮೊದಲಕ್ಷರದ ಒತ್ವವನ್ನು ಒಡೆದು 12 ಸಂಕೇತ ಮಾಡಿಡುತ್ತದೆ, ವಿಳಾಸ 108 ಅಕ್ಷರಕ್ಕೆ ಬೆಳೆಯುತ್ತದೆ. ಅಂಥ ಗಣಕದಿಂದ ಎರಡೂ ಊರುಗಳ ಹೆಸರಿನ ಚಿತ್ರಗಳನ್ನು ಲಿನಕ್ಸ್ ಸರ್ವರಿಗೆ ಹಾಗೆಯೇ ನಕಲಿಸಿ, ಪುಟದಲ್ಲಿ ಹೆಸರುಗಳನ್ನು ಟೈಪಿಸಿದರೆ ಚಳ್ಳಕೆರೆಯ ಚಿತ್ರ ತೆರೆಯುತ್ತದೆ, ಮೊಳಕಾಲ್ಮೂರಿನದು ತೆರೆಯದಿರಬಹುದು. ಎರಡು ಹೆಸರನ್ನು ಪಕ್ಕಪಕ್ಕ ಇಟ್ಟು ಎಷ್ಟು ನೋಡಿದರೂ ವ್ಯತ್ಯಾಸ ಸಿಗದು. ನೆಟ್‌ವರ್ಕ್ ಪಟ್ಟಿಯ ಶೇಕಡಾ ಚಿಹ್ನೆಗಳ ಉದ್ದವನ್ನು ಹೋಲಿಸಿದಾಗ ಸಿಗುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಈ ತೊಂದರೆಯಿಲ್ಲ, ಏಕೆಂದರೆ ಅದರ ತಂತ್ರಾಂಶ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತಂದೇ ಉಳಿಸಿಕೊಳ್ಳುತ್ತದೆ. 2017ರಲ್ಲಿ ಮ್ಯಾಕ್‌ಗೆ ಬಂದ ಹೊಸ ಕಡತ ವ್ಯವಸ್ಥೆ ಬರೆದ ಹೆಸರನ್ನು ಬದಲಿಸದೆ ಇಡುತ್ತದೆ. ಅದಕ್ಕೂ ಮೊದಲು ಏರಿಸಿದ ಕಡತಗಳಿಗೆ ಮರುಹೆಸರಿಡುವುದೇ ಪರಿಹಾರ.