ಮಾತಾಡಿದ್ದು ನಾವು, ಕೇಳಿಸಿದ್ದು ಕೋಣೆ!

ಯಾವುದೋ ಕಂಪನಿಯ ಮುಖ್ಯಸ್ಥರ ವೀಡಿಯೋ ನೋಡ್ತಾ ಇರ್ತೀರಿ ಅಂತಿಟ್ಟುಕೊಳ್ಳಿ. ಕ್ಯಾಮೆರಾ ಚೆನ್ನಾಗಿದೆ, ಬೆಳಕು ಚೆನ್ನಾಗಿದೆ, ಮಾತಿನಲ್ಲೂ ಹುರುಳಿದೆ. ಆದರೂ ಎರಡೇ ನಿಮಿಷಕ್ಕೆ ಸಾಕಾಗಿ ಮುಚ್ಚಿಬಿಡ್ತೀರಿ. ಯಾಕೆ ಅಂದ್ರೆ, "ಏನೋಪ್ಪ, ಬಾವಿಯೊಳಗಿಂದ ಮಾತಾಡಿದ ಹಾಗಿತ್ತು" ಅಂತೀರಿ. ತಪ್ಪು ಅವರದ್ದಲ್ಲ, ಮೈಕಿನದ್ದೂ ಅಲ್ಲ. ಕೋಣೆಯದ್ದು! ಈ ಕೋಣೆಯ ಕಾಟಕ್ಕೆ ಒಂದು ಸ್ವಾರಸ್ಯವಾದ ಇತಿಹಾಸವಿದೆ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಮ್ಯೂಸಿಯಂ ಅಂತ ಹೊಸ ಕಟ್ಟಡ ಎದ್ದಿತು. ಅದರ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರು ಹೇಳಿದ್ದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಖಾಲಿ ಕೊಠಡಿಯಲ್ಲಿ ಒಂದು ಸದ್ದು ಸಾಯೋದಕ್ಕೆ ಸುಮಾರು 5.5 ಸೆಕೆಂಡ್ ಬೇಕಿತ್ತು. ಅಷ್ಟರಲ್ಲಿ ಒಂದಿಡೀ ವಾಕ್ಯ ಮುಗಿದು ಮುಂದಿನದ್ದು ಶುರುವಾಗಿರುತ್ತೆ ನೋಡಿ! ಇದನ್ನು ಸರಿಮಾಡಪ್ಪಾ ಅಂತ ವ್ಯಾಲೇಸ್ ಸಬೀನ್ ಎಂಬ ತರುಣ ಭೌತಶಾಸ್ತ್ರಜ್ಞನಿಗೆ ಒಪ್ಪಿಸಿದರು. ಆತ ರಾತ್ರಿ ಹೊತ್ತು, ಊರು ಮಲಗಿದ ಮೇಲೆ, ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಕುರ್ಚಿಯ ದಿಂಬುಗಳನ್ನೆಲ್ಲ ಹೊತ್ತು ತಂದು ಹರಡುತ್ತಿದ್ದ. ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ತನಕ ಸಮಯ ಅಳೆಯುತ್ತಿದ್ದ. ಬೆಳಗಾಗುವುದರೊಳಗೆ ದಿಂಬುಗಳನ್ನೆಲ್ಲ ವಾಪಸ್ ಇಡಬೇಕು!

ಇಷ್ಟೆಲ್ಲ ಹೊತ್ತಾಟದಿಂದ ಹೊರಬಂದ ಸೂತ್ರ ಸರಳ. ಕೋಣೆ ದೊಡ್ಡದಾದಷ್ಟೂ ಅನುರಣನ ಹೆಚ್ಚು, ಸದ್ದನ್ನು ಹೀರುವ ವಸ್ತು ಹೆಚ್ಚಿದಷ್ಟೂ ಅದು ಕಮ್ಮಿ. ಕೋಣೆ ಕೆಡೋದು ಹಣೆಬರಹದಿಂದಲ್ಲ, ಲೆಕ್ಕ ಹಾಕಿ ಸರಿಮಾಡಬಹುದು ಅಂತ ಅವತ್ತು ಗೊತ್ತಾಯ್ತು. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲನ್ನು ಈ ಲೆಕ್ಕದ ಮೇಲೆಯೇ ಕಟ್ಟಿದರು.

ಆದರೆ ಆಗಿನ ರೆಕಾರ್ಡಿಂಗ್‌ನವರಿಗೆ ಇದೆಲ್ಲ ಬೇಕಿರಲಿಲ್ಲ. ಅವರ ಹತ್ತಿರ ಮೈಕೇ ಇರಲಿಲ್ಲವಲ್ಲ! ಒಂದು ದೊಡ್ಡ ಕಹಳೆ, ಅದರ ತುದಿಯಲ್ಲಿ ಮೇಣದ ತಟ್ಟೆ ಕೊರೆಯುವ ಮುಳ್ಳು, ಅಷ್ಟೇ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ಏಪ್ರಿಲ್‌ನಲ್ಲಿ ಮಿಲಾನ್‌ನ ಹೋಟೆಲ್ ಕೋಣೆಯೊಂದರಲ್ಲಿ ಎನ್ರಿಕೊ ಕರೂಸೊನ ಹಾಡು ಹಿಡಿದ. ಅದೇ ವರ್ಷ ನವೆಂಬರ್‌ನಲ್ಲಿ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಅವರ ಹಾಡು ಹಿಡಿದ. ಕಹಳೆಯೊಳಗೆ ತಲೆ ತೂರಿಸಿದ ಹಾಗೆ ನಿಂತು ಜೋರಾಗಿ ಹಾಡಬೇಕಿತ್ತು. ದೂರದ ಸದ್ದು ಕಹಳೆಗೆ ಕೇಳಿಸುತ್ತಲೇ ಇರಲಿಲ್ಲ. ಹಾಗಾಗಿ ಕೋಣೆ ದಾಖಲಾಗುತ್ತಿದ್ದದ್ದು ಕಡಿಮೆ, ಜೊತೆಗೆ ಕಂಠದ ನಯವೂ ಕಡಿಮೆ.

1925ರಲ್ಲಿ ವಿದ್ಯುತ್ ಮೈಕ್ ರೆಕಾರ್ಡಿಂಗ್‌ಗೆ ಬಂದ ಮೇಲೆ ಪಿಸುಮಾತೂ ದಾಖಲಾಯಿತು. ಜೊತೆಗೆ ಗೋಡೆಯ ಮಾತೂ! ಬಾನುಲಿಯವರಿಗೆ ಈ ತಲೆನೋವು ಅದಕ್ಕೂ ಮೊದಲೇ ಶುರುವಾಗಿತ್ತು. ಲಂಡನ್ನಿನ ಬಿಬಿಸಿಯವರು 1923ರಲ್ಲಿ ಸವಾಯ್ ಹಿಲ್ ಸ್ಟುಡಿಯೋಗಳಿಗೆ ದಪ್ಪ ದಪ್ಪ ಪರದೆ ಇಳಿಬಿಟ್ಟರು. ಆಗ ಕೋಣೆ ಸತ್ತೇ ಹೋಯಿತು. ಬಟ್ಟೆ ತಾರ ಸ್ವರಗಳನ್ನು ನುಂಗುತ್ತೆ, ಮಂದ್ರವನ್ನು ಅಷ್ಟಾಗಿ ನುಂಗೋದಿಲ್ಲ. ಸಂಗೀತದಲ್ಲಿ ಜೀವವೇ ಇಲ್ಲ ಅಂತಾದಾಗ ಪರದೆ ಕಡಿಮೆ ಮಾಡಬೇಕಾಯಿತು. ಇವತ್ತು ತೆಳು ಫೋಮ್ ತಂದು ಗೋಡೆತುಂಬ ಅಂಟಿಸಿ "ಸ್ಟುಡಿಯೋ ರೆಡಿ" ಅನ್ನುವವರೂ ಇದೇ ಗುಂಡಿಗೆ ಬೀಳ್ತಾರೆ :-)

ಹಾಗಂತ ದೊಡ್ಡ ಸ್ಟುಡಿಯೋನೇ ಬೇಕು ಅಂತಿಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರು ಬಂದಿದ್ದೂ ಅಲ್ಲಿಂದಲೇ.

ಪಾಡ್‌ಕಾಸ್ಟ್ ಅನ್ನೋ ಪದ ಹುಟ್ಟಿದ್ದು 2004ರಲ್ಲಿ. ಅಲ್ಲಿಂದೀಚೆಗೆ ಮೈಕ್ ಎಲ್ಲರ ಕೈಗೂ ಬಂತು, ಕೋಣೆ ಮಾತ್ರ ಬರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಎಷ್ಟೋ ರೇಡಿಯೋ ವರದಿಗಾರರು ರಜಾಯಿ ಹೊದ್ದುಕೊಂಡು, ಬಟ್ಟೆ ಬೀರುವಿನೊಳಗೆ ತಲೆಯಿಟ್ಟುಕೊಂಡು ಸುದ್ದಿ ಓದಿದರು. ಸಬೀನನ ದಿಂಬುಗಳೇ ಮತ್ತೆ! ಅತ್ತ ಆಫೀಸುಗಳ ಮೀಟಿಂಗ್ ರೂಮು ನೋಡಿ. ಗಾಜಿನ ಗೋಡೆ, ನುಣ್ಣನೆ ಟೈಲ್ಸ್, ಉದ್ದನೆ ಮೇಜು. ಕಣ್ಣಿಗೆ ಹಬ್ಬ, ಕಿವಿಗೆ ಗೋಲಗುಮ್ಮಟ.

ಇದು ಬರೀ ಕಿವಿಯ ಸುಖದ ಪ್ರಶ್ನೆ ಅಲ್ಲ. ಎರಿನ್ ನ್ಯೂಮನ್ ಮತ್ತು ನಾರ್ಬರ್ಟ್ ಶ್ವಾರ್ಜ್ ಎಂಬ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದೇ ವಿಜ್ಞಾನಿಯ ಅದೇ ಮಾತನ್ನು ಕೆಲವರಿಗೆ ಒಳ್ಳೆ ಧ್ವನಿಯಲ್ಲಿ, ಇನ್ನು ಕೆಲವರಿಗೆ ಕೆಟ್ಟ ಧ್ವನಿಯಲ್ಲಿ ಕೇಳಿಸಿದರು. ಕೆಟ್ಟದ್ದನ್ನು ಕೇಳಿದವರು ಆ ವಿಜ್ಞಾನಿ ಅಷ್ಟು ಬುದ್ಧಿವಂತನಲ್ಲ, ಸಂಶೋಧನೆಯೂ ಅಷ್ಟು ಮಹತ್ವದ್ದಲ್ಲ ಅಂದರಂತೆ! ಗೋಡೆ ಮಾಡಿದ ತಪ್ಪಿಗೆ ಮನುಷ್ಯನಿಗೆ ಶಿಕ್ಷೆ. ಕಂಪನಿಯವರಿಗೆ ಅದರಿಂದ ವ್ಯಾಪಾರ ಹೋಗಬಹುದು, ಹೋಗಲಿ ಬಿಡಿ, ಇನ್ನೊಂದು ವೀಡಿಯೋ ಮಾಡ್ತಾರೆ. ಆದರೆ ಅಜ್ಜಿಯ ಸೋಬಾನೆ ಪದ, ತೊಂಬತ್ತು ದಾಟಿದ ಭಾಗವತರ ಮಾತು, ಇವನ್ನು ಮತ್ತೊಮ್ಮೆ ಹಿಡಿಯೋ ಅವಕಾಶ ಸಿಗದೇ ಹೋಗಬಹುದು. ಗದ್ದಲವನ್ನು ಸಾಫ್ಟ್‌ವೇರ್ ಒಂದಿಷ್ಟು ತೊಳೆಯುತ್ತೆ. ಮಾತಿಗೇ ಅಂಟಿಕೊಂಡ ಅನುರಣನವನ್ನು ಕೀಳೋಕೆ ಹೋದರೆ ದನಿಯ ಚರ್ಮವೂ ಕಿತ್ತುಬರುತ್ತೆ.

ಮದ್ದು ದುಬಾರಿಯಲ್ಲ. ಮೈಕನ್ನು ಬಾಯಿಗೆ ಒಂದು ಗೇಣಿನಷ್ಟು ಹತ್ತಿರ ತನ್ನಿ. ದೂರ ಎರಡರಷ್ಟಾದರೆ ನೇರ ದನಿ 6 ಡೆಸಿಬೆಲ್ ಇಳಿಯುತ್ತೆ, ಗೋಡೆಯ ದನಿ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತೆ. ಖಾಲಿ ಹಾಲ್ ಬಿಟ್ಟು ಹಾಸಿಗೆ, ಪುಸ್ತಕ, ಬಟ್ಟೆಬರೆ ತುಂಬಿದ ಕೋಣೆ ಹುಡುಕಿ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ. ಫ್ಯಾನ್ ಆರಿಸಿ. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ: ಕೋಣೆ ತಿರುಗಿ ಉತ್ತರ ಕೊಟ್ಟರೆ, ಇನ್ನೊಂದು ಕಂಬಳಿ ತನ್ನಿ.

ನಿಮ್ಮ ಮನೆಯಲ್ಲಿ ಎದುರು ಮಾತಾಡದ ಕೋಣೆ ಯಾವುದು? ಪತ್ತೆಯಾದರೆ ಇಲ್ಲಿ ಬರೆದು ತಿಳಿಸಿ.